ಥೈರಾಯ್ಡ್ ಮತ್ತು ತೂಕ: ಮಾತ್ರೆಯ ಪಾಲೆಷ್ಟು, ನಮ್ಮ ಪಾಲೆಷ್ಟು?

ಬೆಳಿಗ್ಗೆ ಆರೂವರೆ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುತ್ತಿದೆ, ಒಲೆಯ ಮೇಲೆ ಹಾಲು ಕಾಯುತ್ತಿದೆ. ಮನೆಯಾಕೆ ಗೂಡಿನಲ್ಲಿಟ್ಟ ಪುಟ್ಟ ಬಾಟಲಿಯಿಂದ ಒಂದು ಮಾತ್ರೆ ತೆಗೆದು ನುಂಗಿ, ಅದರ ಬೆನ್ನಿಗೇ ಕಾಫಿ ಬೆರೆಸಿಕೊಳ್ಳುತ್ತಾಳೆ. ಮಕ್ಕಳ ಡಬ್ಬಿ ತುಂಬಬೇಕು, ತಿಂಡಿ ಆಗಬೇಕು, ಎಂಟಕ್ಕೆ ಬಸ್ಸು. ಸಂಜೆ ಮನೆ ಸೇರುವಾಗ ಮೈಯೆಲ್ಲ ಭಾರ. ಯಾವಾಗಲೋ ಒಮ್ಮೆ ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ಇದ್ದಲ್ಲೇ ಇರುತ್ತದೆ, ಇಲ್ಲವೇ ಒಂದು ಗೆರೆ ಮುಂದಕ್ಕೆ ಹೋಗಿರುತ್ತದೆ.

‘ನೀರು ಕುಡಿದರೂ ಮೈಗೆ ಹತ್ತುತ್ತೆ. ಥೈರಾಯ್ಡ್ ಅಲ್ವಾ, ಏನು ಮಾಡಿದರೂ ಇಳಿಯಲ್ಲ’ ಎಂಬ ಮಾತು ಮದುವೆ ಮನೆಯಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ, ಪಾರ್ಕಿನ ಕಲ್ಲುಬೆಂಚಿನ ಮೇಲೆ ದಿನವೂ ಕೇಳಿಬರುತ್ತದೆ. ಅದೇ ಬೆಂಚಿನಲ್ಲಿ ಇನ್ನೊಂದು ಮಾತೂ ತೇಲುತ್ತದೆ: ‘ಅದೆಲ್ಲ ನೆಪ. ಬಾಯಿ ಕಟ್ಟಿದರೆ ತಾನೇ ಇಳಿಯುತ್ತೆ.’

ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡವರ ಸಂಖ್ಯೆ ದೊಡ್ಡದು. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳ 5 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ಶೇ 11 ಮಂದಿಗೆ ಥೈರಾಯ್ಡ್ ಹಾರ್ಮೋನಿನ ಕೊರತೆ ಇರುವುದು ಕಂಡುಬಂತು. ಅಂದರೆ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು. ಹೆಂಗಸರಲ್ಲಿ ಈ ತೊಂದರೆ ಗಂಡಸರಿಗಿಂತ ಹಲವು ಪಟ್ಟು ಹೆಚ್ಚು.

ಇವರಿಗೆ ತೂಕ ಇಳಿಸಲು ಸಾಧ್ಯವೇ? ಸಾಧ್ಯ. ಆದರೆ ಏರಿದ ತೂಕದಲ್ಲಿ ಥೈರಾಯ್ಡಿನ ಪಾಲೆಷ್ಟು, ಉಳಿದದ್ದರ ಪಾಲೆಷ್ಟು ಎಂಬ ಲೆಕ್ಕ ಮೊದಲು ಸ್ಪಷ್ಟವಾಗಬೇಕು.

ಗ್ರಂಥಿ ಮಾಡುವ ಕೆಲಸ

ಥೈರಾಯ್ಡ್ ಎಂಬುದು ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಿರುವ ಸುಮಾರು 20 ಗ್ರಾಂ ತೂಕದ ಗ್ರಂಥಿ. ಆಹಾರದಲ್ಲಿನ ಅಯೋಡಿನ್ ಬಳಸಿಕೊಂಡು ಅದು ಟಿ4, ಟಿ3 ಎಂಬ ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ಹೃದಯ ಎಷ್ಟು ವೇಗವಾಗಿ ಬಡಿಯಬೇಕು, ಕರುಳು ಎಷ್ಟು ಚುರುಕಾಗಿರಬೇಕು, ಸುಮ್ಮನೆ ಕುಳಿತಾಗಲೂ ದೇಹ ಎಷ್ಟು ಶಕ್ತಿ ಖರ್ಚು ಮಾಡಬೇಕು ಎಂಬುದರ ಮೇಲೆಲ್ಲ ಇವುಗಳ ಹಿಡಿತವಿದೆ.

ಈ ಹಾರ್ಮೋನು ಕಡಿಮೆಯಾದಾಗ ಎಲ್ಲವೂ ನಿಧಾನ. ಚಳಿ ತಡೆಯಲಾಗದು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ಮುಟ್ಟಿನ ಏರುಪೇರು, ಮರೆವು, ಎಷ್ಟು ಮಲಗಿದರೂ ತೀರದ ಸುಸ್ತು. ಮುಖ ಊದಿಕೊಂಡಂತೆ ಕಾಣುತ್ತದೆ, ತೂಕ ಏರುತ್ತದೆ.

ವರದಿಯಲ್ಲಿ ಎಲ್ಲರೂ ಮೊದಲು ಹುಡುಕುವ ಟಿಎಸ್‌ಎಚ್ ಥೈರಾಯ್ಡಿನಿಂದ ಬರುವುದಲ್ಲ, ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವುದು. ಏಳದ ಮಗನನ್ನು ಎಬ್ಬಿಸಲು ತಾಯಿ ದನಿ ಏರಿಸುತ್ತಾ ಹೋಗುವಂತೆ, ಥೈರಾಯ್ಡ್ ನಿಧಾನವಾದಷ್ಟೂ ಪಿಟ್ಯುಟರಿ ಟಿಎಸ್‌ಎಚ್ ಏರಿಸುತ್ತದೆ. ಹಾಗಾಗಿಯೇ ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಕಡಿಮೆ ಎಂದು ಅರ್ಥ. ಹೆಚ್ಚಿನ ಪ್ರಯೋಗಾಲಯಗಳಲ್ಲಿ ಇದರ ಸಾಮಾನ್ಯ ಮಿತಿ ಸುಮಾರು 0.4ರಿಂದ 4.5ರವರೆಗೆ.

ಅಯೋಡಿನ್ ಸಾಕಷ್ಟು ಸಿಗುವ ಕಡೆಗಳಲ್ಲಿ ಈ ಕೊರತೆಗೆ ಮುಖ್ಯ ಕಾರಣ ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡಿನ ಮೇಲೆ ದಾಳಿ ಮಾಡುವುದು. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು, ಕಾಯಿಲೆಗೆ ಅವರದೇ ಹೆಸರು ನಿಂತಿತು. ಇದು ಸೋಮಾರಿತನದಿಂದ ಬರುವುದಲ್ಲ, ಹೆಚ್ಚು ತಿಂದಿದ್ದರಿಂದ ಬರುವುದೂ ಅಲ್ಲ.

ಏರಿದ ತೂಕದಲ್ಲಿ ಥೈರಾಯ್ಡಿನ ಪಾಲು

ಥೈರಾಯ್ಡ್ ಕೊರತೆಯೊಂದರಿಂದಲೇ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆ.ಜಿ. ಕೊರತೆ ತೀವ್ರವಾಗಿದ್ದರೆ ಇನ್ನಷ್ಟು ಇರಬಹುದು. ಅದರಲ್ಲೂ ಬಹುಪಾಲು ಕೊಬ್ಬಲ್ಲ, ಅಂಗಾಂಶಗಳಲ್ಲಿ ನಿಂತ ಉಪ್ಪು ಮತ್ತು ನೀರು. ಡೆನ್ಮಾರ್ಕ್‌ನ ಸಂಶೋಧಕರು ಚಿಕಿತ್ಸೆಗೆ ಮೊದಲು ಮತ್ತು ಆನಂತರ ರೋಗಿಗಳ ಮೈಯಲ್ಲಿನ ಕೊಬ್ಬನ್ನು ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಮಾತ್ರೆ ಶುರುವಾದ ಮೇಲೆ ಸರಾಸರಿ 4 ಕೆ.ಜಿ.ಯಷ್ಟು ತೂಕ ಇಳಿಯಿತು. ಇಳಿದದ್ದು ಮುಖ್ಯವಾಗಿ ನೀರು. ಕೊಬ್ಬಿನ ಪ್ರಮಾಣ ಇದ್ದಷ್ಟೇ ಇತ್ತು.

ಈ ಅಂಕಿ ಕೇಳಿ ಹಲವರಿಗೆ ನಿರಾಸೆಯಾಗುತ್ತದೆ. 15 ಕೆ.ಜಿ. ಏರಿದೆ, ಎಲ್ಲವೂ ಥೈರಾಯ್ಡಿನದೇ, ಮಾತ್ರೆ ತೆಗೆದುಕೊಂಡರೆ ಎಲ್ಲವೂ ಹೋಗುತ್ತದೆ ಎಂದು ನಂಬಿದ್ದವರಿಗೆ ಮೂರು ನಾಲ್ಕು ಕೆ.ಜಿ.ಗೆ ನಿಂತುಬಿಟ್ಟ ಮುಳ್ಳು ಮೋಸ ಮಾಡಿದಂತೆ ಕಾಣುತ್ತದೆ.

ಉಳಿದ ಹತ್ತು ಹನ್ನೆರಡು ಕೆ.ಜಿ. ಎಲ್ಲಿಂದ ಬಂತು? ಥೈರಾಯ್ಡ್ ಪತ್ತೆಯಾಗುವ ವಯಸ್ಸನ್ನು ಗಮನಿಸಿ. ಹೆರಿಗೆಯ ನಂತರ, ಮಕ್ಕಳು ಚಿಕ್ಕವರಿರುವಾಗ, ಕುಳಿತು ಮಾಡುವ ಕೆಲಸ ಹೆಚ್ಚಿದಾಗ, ಇಲ್ಲವೇ ಮುಟ್ಟು ನಿಲ್ಲುವ ಹೊತ್ತಿನಲ್ಲಿ. ನಿದ್ದೆ ಕೆಡುವುದು, ನಡಿಗೆ ತಪ್ಪುವುದು, ಸ್ನಾಯು ಕರಗುವುದು ಎಲ್ಲವೂ ಅದೇ ವರ್ಷಗಳಲ್ಲಿ. ಚಿಕಿತ್ಸೆಗೆ ಮೊದಲಿನ ತಿಂಗಳುಗಳ ಸುಸ್ತಿನಿಂದಾಗಿ ಓಡಾಟವೂ ತಗ್ಗಿರುತ್ತದೆ. ಇವೆಲ್ಲ ಸೇರಿ ಕೂಡಿಸಿದ ಕೊಬ್ಬು ಥೈರಾಯ್ಡ್ ಮಾತ್ರೆಗೆ ಕರಗುವುದಿಲ್ಲ. ಆದರೆ ಟಿಎಸ್‌ಎಚ್ ಹತೋಟಿಗೆ ಬಂದವರ ಮೈ ಆ ಕೊಬ್ಬನ್ನು ಉಳಿದವರಂತೆಯೇ ಕರಗಿಸಬಲ್ಲದು. ಸಮಾಧಾನ ತರಬೇಕಾದ ಸಂಗತಿ ಇದೇ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಬೊಜ್ಜು ತಾನಾಗಿಯೇ ಟಿಎಸ್‌ಎಚ್ ಅನ್ನು ತುಸು ಏರಿಸಬಲ್ಲದು. ಟಿ4 ಸರಿಯಾಗಿದ್ದು ಟಿಎಸ್‌ಎಚ್ 5 ಅಥವಾ 6 ಇದ್ದರೆ, ಅದು ತೂಕದ ಕಾರಣವಾಗಿರುವ ಬದಲು ತೂಕದ ಪರಿಣಾಮವೂ ಆಗಿರಬಹುದು. ತೂಕ ಇಳಿದಾಗ ಅಂಥವರ ಟಿಎಸ್‌ಎಚ್ ಕೂಡ ಇಳಿಯುವುದುಂಟು. ಅಂಚಿನಲ್ಲಿರುವ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ವಯಸ್ಸು, ಲಕ್ಷಣ, ಗರ್ಭಧಾರಣೆಯ ಯೋಚನೆ, ಥೈರಾಯ್ಡಿನ ಮೇಲಿನ ರೋಗನಿರೋಧಕ ದಾಳಿಯನ್ನು ಸೂಚಿಸುವ ಆ್ಯಂಟಿ-ಟಿಪಿಒ ಪರೀಕ್ಷೆಯ ಫಲಿತಾಂಶ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ಮಾತ್ರೆ ಮತ್ತು ಕಾಫಿಯ ನಡುವೆ

ನಿಜವಾದ ಕೊರತೆ ಇರುವವರಿಗೆ ಎಲ್ಲಕ್ಕಿಂತ ಮೊದಲ ಹೆಜ್ಜೆ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುವುದು. ‘ಐವತ್ತರ ಮಾತ್ರೆ’, ‘ನೂರರ ಮಾತ್ರೆ’ ಎಂದು ನಾವು ಕರೆಯುವ ಲಿವೊಥೈರಾಕ್ಸಿನ್‌ನ ಪ್ರಮಾಣ ಇರುವುದು ಮೈಕ್ರೋಗ್ರಾಂಗಳಲ್ಲಿ, ಅಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ. ಅಷ್ಟು ಸೂಕ್ಷ್ಮ ಪ್ರಮಾಣದ ಔಷಧಿಯಲ್ಲಿ ಸ್ವಲ್ಪ ಭಾಗ ರಕ್ತ ಸೇರದೆ ಹೋದರೂ ಲೆಕ್ಕ ತಪ್ಪುತ್ತದೆ.

ಬರೀ ಹೊಟ್ಟೆಯಲ್ಲಿ, ನೀರಿನೊಂದಿಗೆ ಮಾತ್ರ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ, ಚಹಾ, ಹಾಲು, ತಿಂಡಿ ಏನೂ ಬೇಡ. ಪ್ರಮಾಣ ಎಷ್ಟೇ ಹೆಚ್ಚಿಸಿದರೂ ಟಿಎಸ್‌ಎಚ್ ಇಳಿಯದ ಕೆಲವು ರೋಗಿಗಳನ್ನು ಇಟಲಿಯ ವೈದ್ಯರು ಪರಿಶೀಲಿಸಿದಾಗ ಅವರು ಮಾತ್ರೆಯ ಜೊತೆಗೇ ಕಾಫಿ ಕುಡಿಯುತ್ತಿದ್ದುದು ಗೊತ್ತಾಯಿತು. 2008ರಲ್ಲಿ ಪ್ರಕಟವಾದ ಆ ವರದಿ, ಕಾಫಿ ಕರುಳಿನಲ್ಲಿ ಔಷಧಿ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ ಎಂಬುದನ್ನು ತೋರಿಸಿತು. ಬಿಸಿ ಕಾಫಿಯಿಂದಲೇ ದಿನ ಶುರುವಾಗುವ ನಮ್ಮ ಮನೆಗಳಿಗೆ ಇದಕ್ಕಿಂತ ಹತ್ತಿರದ ಮಾಹಿತಿ ಇನ್ನೊಂದಿಲ್ಲ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಡುವೆ 4 ಗಂಟೆ ಅಂತರ ಬೇಕು. ಬಾಣಂತಿಯರು ಮೂರನ್ನೂ ಒಟ್ಟಿಗೆ ನುಂಗಿಬಿಡುವುದು ಸಾಮಾನ್ಯ. ಆ್ಯಸಿಡಿಟಿಗೆ ತೆಗೆದುಕೊಳ್ಳುವ ಔಷಧಿಯ ಬಗ್ಗೆಯೂ ವೈದ್ಯರಿಗೆ ತಿಳಿಸಬೇಕು. ಬೆಳಗಿನ ಅಂತರ ಸಾಧ್ಯವೇ ಇಲ್ಲವೆಂದರೆ, ವೈದ್ಯರನ್ನು ಕೇಳಿ ರಾತ್ರಿ ಊಟವಾದ ಮೂರು ಗಂಟೆಯ ನಂತರ ಮಲಗುವಾಗ ತೆಗೆದುಕೊಳ್ಳಬಹುದು.

ಈ ಔಷಧಿಯ ಅರ್ಧದಷ್ಟು ಅಂಶ ರಕ್ತದಿಂದ ಹೊರಹೋಗಲು ಸುಮಾರು 7 ದಿನ ಬೇಕು. ಆದ್ದರಿಂದ ಪ್ರಮಾಣ ಬದಲಿಸಿದ 6ರಿಂದ 8 ವಾರಗಳ ನಂತರವೇ ಟಿಎಸ್‌ಎಚ್ ಪರೀಕ್ಷೆಗೆ ಅರ್ಥ. ಕೂದಲಿಗೆಂದು ಬಯೊಟಿನ್ ಮಾತ್ರೆ ತೆಗೆದುಕೊಳ್ಳುವವರು ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಕೆಲವು ಯಂತ್ರಗಳಲ್ಲಿ ಫಲಿತಾಂಶವೇ ತಪ್ಪಾಗಿ ಬರುತ್ತದೆ.

ಹೆಚ್ಚು ನುಂಗಿದರೆ ಬೇಗ ಇಳಿಯುವುದೇ?

ಈ ಯೋಚನೆ ಹೊಸದೇನಲ್ಲ. ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ 1891ರಲ್ಲಿ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು, ತೀವ್ರ ಕೊರತೆಯಿಂದ ಬಳಲುತ್ತಿದ್ದ ಮಹಿಳೆಯೊಬ್ಬರನ್ನು ಉಳಿಸಿದರು. ಆಕೆ ಮುಂದೆ 28 ವರ್ಷ ಬದುಕಿದರು. ಕೆಲವೇ ವರ್ಷಗಳಲ್ಲಿ ಅದೇ ಸಾರವನ್ನು ಥೈರಾಯ್ಡ್ ಸರಿಯಿದ್ದವರೂ ತೆಳ್ಳಗಾಗಲು ನುಂಗತೊಡಗಿದರು.

ಅಗತ್ಯಕ್ಕಿಂತ ಹೆಚ್ಚು ಥೈರಾಯ್ಡ್ ಹಾರ್ಮೋನು ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ, ಮೂಳೆಯನ್ನು ಟೊಳ್ಳಾಗಿಸುತ್ತದೆ, ಹೃದಯದ ಲಯ ತಪ್ಪಿಸುತ್ತದೆ. ಲಯ ತಪ್ಪಿದ ಹೃದಯದಿಂದ ಪಾರ್ಶ್ವವಾಯುವಿನ ಅಪಾಯವೂ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಮಾತ್ರೆಯನ್ನು ತೂಕ ಇಳಿಸಲು ಬಳಸಬಾರದೆಂಬ ಎಚ್ಚರಿಕೆಯನ್ನು ಔಷಧಿಯ ಮಾಹಿತಿಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸುವುದನ್ನು ಕಡ್ಡಾಯ ಮಾಡಿದೆ. ವೈದ್ಯರು ಬರೆದ ಐವತ್ತನ್ನು ತಾವಾಗಿಯೇ ನೂರು ಮಾಡಿಕೊಳ್ಳುವವರು ಈ ಅಪಾಯವನ್ನು ಮನೆಗೆ ಕರೆದಂತೆ. ತಾನಾಗಿಯೇ ಮಾತ್ರೆ ನಿಲ್ಲಿಸುವುದೂ ಅಷ್ಟೇ ಅಪಾಯ. ಗರ್ಭಿಣಿಯರಲ್ಲಂತೂ ಹಾರ್ಮೋನಿನ ಅಗತ್ಯ ಹೆಚ್ಚುತ್ತದೆ. ಗರ್ಭ ನಿಂತದ್ದು ಗೊತ್ತಾದ ಕೂಡಲೇ ವೈದ್ಯರನ್ನು ಕಾಣಬೇಕು, ಆಗ ತೂಕ ಇಳಿಸುವ ಯೋಚನೆ ಬಿಡಬೇಕು.

ಕೋಸು, ಸೋಯಾ ಮತ್ತು ಕಲ್ಲುಪ್ಪು

‘ಥೈರಾಯ್ಡ್ ಇದ್ದವರು ಎಲೆಕೋಸು, ಹೂಕೋಸು ಮುಟ್ಟಬಾರದು’ ಎಂಬ ಸಂದೇಶ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಈ ತರಕಾರಿಗಳಲ್ಲಿ ಅಯೋಡಿನ್ ಬಳಕೆಗೆ ಅಡ್ಡಿಪಡಿಸುವ ಅಂಶಗಳಿರುವುದು ನಿಜ. ಆದರೆ ಬೇಯಿಸಿದಾಗ ಅವು ಬಹಳಷ್ಟು ತಗ್ಗುತ್ತವೆ. ಅಯೋಡಿನ್ ಇರುವ ಉಪ್ಪು ತಿನ್ನುವವರು ವಾರದಲ್ಲಿ ಒಂದೆರಡು ಬಾರಿ ಕೋಸಿನ ಪಲ್ಯ ತಿನ್ನಲು ಹೆದರಬೇಕಾಗಿಲ್ಲ. ಸೋಯಾ ಕೂಡ ವರ್ಜ್ಯವಲ್ಲ, ಮಾತ್ರೆಯ ಹೊತ್ತಿನಿಂದ ದೂರವಿದ್ದರೆ ಸಾಕು. ತೂಕ ಇಳಿಸಬೇಕಾದವರು ತರಕಾರಿಯನ್ನೇ ಬಿಟ್ಟು ಆ ಜಾಗಕ್ಕೆ ಇನ್ನೊಂದು ಸೌಟು ಅನ್ನ ಹಾಕಿಕೊಂಡರೆ ನಷ್ಟ ಅವರದೇ.

ಹೆದರಬೇಕಾದ್ದು ಇನ್ನೊಂದಕ್ಕೆ. ಆರೋಗ್ಯಕ್ಕೆ ಒಳ್ಳೆಯದೆಂದು ಗುಲಾಬಿ ಬಣ್ಣದ ಕಲ್ಲುಪ್ಪಿಗೆ ಬದಲಾಗುವ ಮನೆಗಳು ಹೆಚ್ಚುತ್ತಿವೆ. ಅಯೋಡಿನ್ ಸೇರಿಸದ ಅಂಥ ಉಪ್ಪಿನಲ್ಲಿ ನಮಗೆ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು. 1950ರ ದಶಕದಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ತಗ್ಗುವುದನ್ನು ಸಾಬೀತು ಮಾಡಿದರು. ಅದರ ಫಲವಾಗಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಷ್ಟು ಶ್ರಮದಿಂದ ಅಡುಗೆಮನೆಗೆ ಬಂದ ಅಯೋಡಿನ್ ಅನ್ನು ನಾವಾಗಿಯೇ ಹೊರಗೆ ಕಳಿಸುವುದು ಸಲ್ಲದು. ಹಾಗೆಂದು ಹಶಿಮೊಟೊ ತೊಂದರೆ ಇರುವವರು ಅಯೋಡಿನ್ ಮಾತ್ರೆಗಳನ್ನು ಹೆಚ್ಚುವರಿಯಾಗಿ ನುಂಗಲೂಬಾರದು. ಅತಿಯಾದ ಅಯೋಡಿನ್ ಕಾಯಿಲೆಯನ್ನು ಕೆರಳಿಸಬಹುದು.

ತಟ್ಟೆಯಲ್ಲಿ ಆಗಬೇಕಾದ ಬದಲಾವಣೆ

ಥೈರಾಯ್ಡಿಗೆಂದೇ ಪ್ರತ್ಯೇಕ ಪಥ್ಯವಿಲ್ಲ. ನಮ್ಮ ಊಟದ ನಿಜವಾದ ತೊಡಕು ಧಾನ್ಯ ಹೆಚ್ಚು, ಬೇಳೆಕಾಳು ಕಡಿಮೆ ಎಂಬುದು. ಬೆಳಿಗ್ಗೆ ಇಡ್ಲಿ ಅಥವಾ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ ಅಥವಾ ಚಪಾತಿ. ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ 45 ಮೀರಬಾರದು, ತಟ್ಟೆಯ ಅರ್ಧದಷ್ಟು ತರಕಾರಿ ಮತ್ತು ಹಣ್ಣು ಇರಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ಇದಕ್ಕೆ ಹೊರಗಿನ ಪುಡಿ, ಶೇಕ್ ಯಾವುದೂ ಬೇಕಿಲ್ಲ. ಹುರುಳಿಕಾಳಿನ ಬಸ್ಸಾರು, ಮೊಳಕೆ ಹೆಸರುಕಾಳಿನ ಉಸಲಿ, ಹೆಸರುಬೇಳೆ ಕೋಸಂಬರಿ, ಸೊಪ್ಪಿನ ಹುಳಿ, ಮಜ್ಜಿಗೆ, ಮೊಟ್ಟೆ, ಮೀನು ಎಲ್ಲವೂ ನಮ್ಮ ಅಡುಗೆಯಲ್ಲೇ ಇವೆ. ಇವನ್ನು ನಂಚಿಕೊಳ್ಳುವ ಜಾಗದಿಂದ ತಟ್ಟೆಯ ನಡುವಿಗೆ ತರಬೇಕು. 60 ಕೆ.ಜಿ. ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ. ರಾಗಿ ಒಳ್ಳೆಯದೇ, ಆದರೆ ಅದೂ ಧಾನ್ಯವೇ. ದೊಡ್ಡ ಮುದ್ದೆಯ ಜೊತೆ ಅನ್ನವನ್ನೂ ಬಡಿಸಿಕೊಂಡರೆ ತೂಕ ಇಳಿಯದು.

ಗೊತ್ತಾಗದೆ ಸೇರುವುದು ಎಣ್ಣೆ ಮತ್ತು ಸಕ್ಕರೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಎರಡೆರಡು ಚಮಚ ಸಕ್ಕರೆ ಹಾಕಿದ ನಾಲ್ಕು ಲೋಟ ಕಾಫಿಯ ಸಕ್ಕರೆಯೊಂದೇ ಸುಮಾರು 160 ಕ್ಯಾಲೊರಿ. ಸಂಜೆಯ ಬಜ್ಜಿ, ಚಕ್ಕುಲಿ, ಬಿಸ್ಕತ್ತು ಬೇರೆ. ಇಷ್ಟನ್ನು ಹತೋಟಿಗೆ ತಂದರೆ ಉಪವಾಸ ಬೀಳದೆಯೇ ದಿನಕ್ಕೆ 300, 400 ಕ್ಯಾಲೊರಿ ತಗ್ಗುತ್ತದೆ. ಒಂದೇ ಹೊತ್ತು ಉಂಡು ಉಳಿದ ಹೊತ್ತು ಹಸಿದಿರುವ ಕಠಿಣ ಪಥ್ಯ ಸ್ನಾಯುವನ್ನು ಕರಗಿಸುತ್ತದೆ, ಸುಸ್ತು ಹೆಚ್ಚಿಸುತ್ತದೆ, ಬಿಟ್ಟ ತಿಂಗಳಲ್ಲೇ ತೂಕ ಮರಳುತ್ತದೆ.

ನಡಿಗೆ ಜೊತೆಗೆ ಸ್ನಾಯುಬಲ

ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಎರಡನೆಯದನ್ನು ಹೆಂಗಸರಿಗೆ ಯಾರೂ ಹೇಳುವುದಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಏಳುವುದು, ಗೋಡೆಗೆ ಕೈಕೊಟ್ಟು ದಂಡ ತೆಗೆಯುವುದು, ನೀರು ತುಂಬಿದ ಬಾಟಲಿ ಎತ್ತುವುದರಿಂದ ಶುರು ಮಾಡಬಹುದು.

ಥೈರಾಯ್ಡ್ ಕೊರತೆಯಲ್ಲಿ ಮೈಕೈ ನೋವು, ಸ್ನಾಯು ನಿಶ್ಶಕ್ತಿ ಇರುವುದರಿಂದ ಮೊದಲ ವಾರವೇ ಜೋರು ಮಾಡಬಾರದು. ಹತ್ತು ನಿಮಿಷದಿಂದ ಆರಂಭಿಸಿ ವಾರವಾರಕ್ಕೆ ಏರಿಸಬೇಕು. ನಿದ್ದೆ ಕೆಟ್ಟರೆ ಹಸಿವು ಹೆಚ್ಚುತ್ತದೆ, ಅದಕ್ಕೂ ಸಮಯ ಬೇಕು.

ಟಿಎಸ್‌ಎಚ್ ಸರಿಯಾದ ಮೇಲೂ ಸುಸ್ತು ಹೋಗದಿದ್ದರೆ ಥೈರಾಯ್ಡಿನ ಮೇಲೆ ಹಾಕಿ ಸುಮ್ಮನಾಗಬೇಡಿ. ರಕ್ತಹೀನತೆ, ವಿಟಮಿನ್ ಬಿ12 ಕೊರತೆ, ಗೊರಕೆಯೊಂದಿಗೆ ಉಸಿರು ನಿಲ್ಲುವ ತೊಂದರೆ, ಖಿನ್ನತೆ ಇವೆಯೇ ನೋಡಿಸಬೇಕು.

ಪಿಸಿಒಎಸ್ ಕೂಡ ಇದ್ದರೆ

ಕಿರಿಯ ವಯಸ್ಸಿನ ಹಲವು ಹೆಂಗಸರಲ್ಲಿ ಥೈರಾಯ್ಡಿನ ಜೊತೆ ಪಿಸಿಒಎಸ್ ಎಂಬ ಅಂಡಾಶಯ ಸಂಬಂಧಿ ಹಾರ್ಮೋನು ತೊಂದರೆಯೂ ಇರುತ್ತದೆ. ಇಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಕಾರಣ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ತೂಕ ಇಳಿಸುವುದು ನಿಜಕ್ಕೂ ಹೆಚ್ಚು ಕಷ್ಟ. ಹಾಗಿದ್ದರೂ ಇರುವ ತೂಕದ ಶೇ 5ರಿಂದ 10 ಇಳಿದರೂ ಎಷ್ಟೋ ಮಂದಿಯಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ, ಅಂಡಾಣು ಬಿಡುಗಡೆ ಮರಳುತ್ತದೆ. 80 ಕೆ.ಜಿ. ಇರುವವರಿಗೆ ಇದು 4ರಿಂದ 8 ಕೆ.ಜಿ. ಮದುವೆಗೆ ಮೊದಲಿನ ಫೋಟೊದಂತೆ ಆಗಬೇಕೆಂಬ ಗುರಿಗಿಂತ ಈ ಗುರಿ ಕೈಗೆಟಕುವಂಥದ್ದು, ಆರೋಗ್ಯಕ್ಕೆ ನೇರವಾಗಿ ಒದಗುವಂಥದ್ದು.

ತಿಂಗಳಿಗೆ 2 ಕೆ.ಜಿ.ಯಷ್ಟು ಇಳಿದರೆ ಅದು ಒಳ್ಳೆಯ ವೇಗ. ಒಂದು ಕೆ.ಜಿ. ಇಳಿದರೂ ಅದು ಸೋಲಲ್ಲ. ತೂಕದೊಂದಿಗೆ ಸೊಂಟದ ಸುತ್ತಳತೆಯನ್ನೂ ಬರೆದಿಡಿ. ಭಾರತೀಯರಲ್ಲಿ ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಮೀರಿದರೆ ಸಕ್ಕರೆ ಕಾಯಿಲೆ, ಹೃದ್ರೋಗದ ಅಪಾಯ ಹೆಚ್ಚು. ಮುಳ್ಳು ನಿಂತಲ್ಲೇ ನಿಂತ ವಾರಗಳಲ್ಲೂ ಟೇಪಿನ ಅಳತೆ ತಗ್ಗುತ್ತಿರಬಹುದು.

ಮನೆಯವರು ಮಾಡಬೇಕಾದ್ದು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ತಿಂದು ಮುಗಿಸುವ, ನಡೆಯಲು ಅರ್ಧ ಗಂಟೆ ಸಿಗದ, ಮಾತ್ರೆ ನುಂಗಿ ಒಂದು ಗಂಟೆ ಕಾಯಲೂ ಪುರಸೊತ್ತಿಲ್ಲದ ಹೆಂಗಸಿಗೆ ‘ಬಾಯಿ ಕಟ್ಟು’ ಎನ್ನುವುದು ಅನ್ಯಾಯ. ‘ದಪ್ಪ ಆಗಿದ್ದೀಯಲ್ಲ’ ಎಂಬ ಮಾತಿನಿಂದ ಯಾರ ತೂಕವೂ ಇಳಿದಿಲ್ಲ. ಅವಮಾನಕ್ಕೆ ಅಂಜಿ ವೈದ್ಯರ ಬಳಿ ಹೋಗುವುದನ್ನೇ ಮುಂದೂಡಿದವರು ಮಾತ್ರ ಬಹಳ ಮಂದಿ.

ಮನೆಯವರು ಮಾಡಬಹುದಾದದ್ದು ಸರಳ. ಬೆಳಗಿನ ಕಾಫಿಯನ್ನು ಬೇರೆಯವರು ಬೆರೆಸಲಿ. ಸಂಜೆ ಅರ್ಧ ಗಂಟೆ ಮಕ್ಕಳನ್ನು ನೋಡಿಕೊಳ್ಳಲಿ. ಕಾಳಿನ ಪಲ್ಯ, ಕಡಿಮೆ ಎಣ್ಣೆ ಅವಳೊಬ್ಬಳ ಪಥ್ಯವಾಗದೆ ಇಡೀ ಮನೆಯ ಊಟವಾಗಲಿ.

ಥೈರಾಯ್ಡ್ ಇರುವವರು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ನನ್ನ ಟಿಎಸ್‌ಎಚ್ ಈಗ ಹತೋಟಿಯಲ್ಲಿದೆಯೇ? ನಾನು ಮಾತ್ರೆ ತೆಗೆದುಕೊಳ್ಳುವ ಕ್ರಮ ಸರಿಯೇ? ನನ್ನ ತೂಕಕ್ಕೆ ಬೇರೆ ಕಾರಣಗಳೇನಾದರೂ ಇವೆಯೇ? ಮೊದಲೆರಡಕ್ಕೆ ‘ಹೌದು’ ಎಂಬ ಉತ್ತರ ಬಂದ ದಿನವೇ ಥೈರಾಯ್ಡಿನ ಪಾಲಿನ ಕೆಲಸ ಬಹುಮಟ್ಟಿಗೆ ಮುಗಿಯಿತು. ಅಲ್ಲಿಂದ ಮುಂದೆ ‘ಏನು ಮಾಡಿದರೂ ಇಳಿಯಲ್ಲ’ ಎಂಬ ಮಾತನ್ನು ನಂಬಬೇಕಾಗಿಲ್ಲ.